ಹುಲ್ಲುಹಾಸು: ಕರ್ನಾಟಕದ ಹವೆಗೆ ಒಗ್ಗುವ ಹುಲ್ಲುಗಳು ಮತ್ತು ಅವುಗಳ ಪಾಲನೆ

ಒಂದೇ ಜಾತಿಯ, ಇಲ್ಲವೇ ಹೊಂದಿಕೊಂಡು ಬೆಳೆಯುವ ಎರಡು ಮೂರು ಜಾತಿಯ ಹುಲ್ಲನ್ನು ನೆಲಕ್ಕೆ ಒತ್ತಾಗಿ ಹಬ್ಬಿಸಿ, ಆಗಾಗ ಕತ್ತರಿಸಿ, ನಡೆದಾಡಲು ಕೂರಲು ಆಡಲು ಬರುವಂತೆ ಇಟ್ಟುಕೊಂಡ ನೆಲಕ್ಕೆ ಹುಲ್ಲುಹಾಸು ಎಂದು ಹೆಸರು. ಆಡುಮಾತಿನಲ್ಲಿ ಲಾನ್ ಎಂಬ ಪದವೇ ಹೆಚ್ಚು ಬಳಕೆಯಲ್ಲಿದೆ. ಗೋಮಾಳದ ಹುಲ್ಲನ್ನು ದನ ಮೇಯ್ದು ಗಿಡ್ಡವಾಗಿಡುತ್ತದೆ, ಹುಲ್ಲುಹಾಸನ್ನು ಯಂತ್ರ ಗಿಡ್ಡವಾಗಿಡುತ್ತದೆ. ಗಿಡಕ್ಕೆ ಮಾತ್ರ ಎರಡೂ ಒಂದೇ ಬಗೆಯ ಪೆಟ್ಟು. ಬೆಳೆಯುವ ಮೊಗ್ಗು ನೆಲಮಟ್ಟದಲ್ಲಿ ಇರುವುದರಿಂದ ತುದಿ ಹೋದರೂ ಹುಲ್ಲು ಸಾಯುವುದಿಲ್ಲ, ಮತ್ತಷ್ಟು ಕವಲೊಡೆಯುತ್ತದೆ. ಕರ್ನಾಟಕದಲ್ಲಿ ಹುಲ್ಲು ಬೆಳೆಸುವುದು ಕಷ್ಟದ ಕೆಲಸವೇನಲ್ಲ. ಬೇಲಿಯ ಬುಡದಲ್ಲಿ, ಗದ್ದೆಯ ಬದುವಿನಲ್ಲಿ, ರೈಲು ಹಳಿಯ ಜಲ್ಲಿಯ ನಡುವೆ ಕೂಡ ಅದು ತಾನಾಗಿ ಬರುತ್ತದೆ. ಕಷ್ಟ ಹುಟ್ಟುವುದು ಅದು ಹನ್ನೆರಡು ತಿಂಗಳೂ ಹಸಿರಾಗಿಯೇ ಇರಬೇಕೆಂಬ ನಿರೀಕ್ಷೆಯಿಂದ. ಆದ್ದರಿಂದ ಈ ಲೇಖನ ಹುಲ್ಲಿನ ಆಯ್ಕೆಯನ್ನು ಮಳೆಗಾಲದ ಚೆಲುವಿನಿಂದ ಅಳೆಯದೆ, ಡಿಸೆಂಬರಿನಿಂದ ಮುಂಗಾರುಪೂರ್ವ ಮಳೆಯವರೆಗಿನ ಒಣ ತಿಂಗಳುಗಳನ್ನು ಅದು ಹೇಗೆ ಕಳೆಯುತ್ತದೆ ಎಂಬುದರಿಂದ ಅಳೆಯುತ್ತದೆ. ಬೆಳಕು, ಮಣ್ಣು, ಕಾಲ್ತುಳಿತ ಇವು ಆನಂತರದ ಲೆಕ್ಕ.

ನಿತ್ಯಹಸಿರಿನ ಈ ನಿರೀಕ್ಷೆ ಹುಟ್ಟಿದ್ದು ವಾಯುವ್ಯ ಯುರೋಪಿನಲ್ಲಿ. ಅಲ್ಲಿನ ಸಿರಿವಂತರ ತೋಟಗಳಲ್ಲಿ ಕುಡುಗೋಲು ಹಿಡಿದ ಆಳುಗಳೂ ಕುರಿ ಮಂದೆಗಳೂ ಹುಲ್ಲನ್ನು ಗಿಡ್ಡವಾಗಿ ಇಡುತ್ತಿದ್ದವು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಲಾನ್ ಬಂತು. ಅಲ್ಲಿ ಅದಕ್ಕೆ ಹೆಚ್ಚಿನ ನೀರು ಬೇಕಾಗಲಿಲ್ಲ. ಮಳೆ ಜಾಸ್ತಿ ಎಂಬ ಕಾರಣಕ್ಕಲ್ಲ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ., ಬೆಂಗಳೂರಿನಲ್ಲಿ ಸುಮಾರು 970 ಮಿ.ಮೀ. ಆದರೆ ಲಂಡನ್ನಿನ ಮಳೆ ಹನ್ನೆರಡು ತಿಂಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡಿದೆ, ಬಿಸಿಲೂ ಮೆದು. ಬೆಂಗಳೂರಿನಲ್ಲಿ ಡಿಸೆಂಬರಿನಿಂದ ಮಾರ್ಚಿಯವರೆಗೆ ನಾಲ್ಕು ತಿಂಗಳ ಸರಾಸರಿ ಮಳೆ ಒಟ್ಟಾಗಿಯೂ 50 ಮಿ.ಮೀ. ಮುಟ್ಟುವುದಿಲ್ಲ. ಮಂಗಳೂರಿನ ಉದಾಹರಣೆ ಇನ್ನೂ ಕಣ್ಣು ತೆರೆಸುವಂಥದ್ದು: ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಫೆಬ್ರುವರಿಯ ಅಂಗಳ ಒಣಗಿ ಬಿರಿಯುತ್ತದೆ. 1809ರಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದು ದಂಡು ಕಟ್ಟಿದ ಮೇಲೆ ಬಂಗಲೆಯ ಜೊತೆಗೆ ಲಾನೂ ಇಲ್ಲಿಗೆ ಬಂತು. ಅದನ್ನು ಬೇಸಗೆಯಲ್ಲಿ ಹಸಿರಾಗಿ ಇಡುವ ಹೊರೆ ನೀರು ಹೊರುವವರ ಹೆಗಲಿಗೆ ಬಿತ್ತು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ. ಎಚ್. ಕ್ರುಂಬಿಗೆಲ್ ಮರಗಳ ವಿಷಯದಲ್ಲಿ ಬೇರೆಯೇ ದಾರಿ ಹಿಡಿದರು. ಈ ಹವೆಗೆ ಒಗ್ಗುವ ಉಷ್ಣವಲಯದ ಮರಗಳನ್ನು ಆರಿಸಿ, ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೀದಿಗಳಲ್ಲಿ ನೆಡಿಸಿದರು. ಎಲೆ ಉದುರಿಸಿ ನಿಂತ ಮರವನ್ನು ಸತ್ತ ಮರವೆಂದು ಬೆಂಗಳೂರು ಎಂದೂ ಭಾವಿಸಲಿಲ್ಲ, ಅದು ಹೂ ಬಿಡುವ ಸಮಯವೆಂದು ತಿಳಿಯಿತು. ಹುಲ್ಲಿಗೆ ಈ ವಿನಾಯಿತಿ ಇನ್ನೂ ಸಿಕ್ಕಿಲ್ಲ.

ಹುಲ್ಲುಹಾಸಿಗೆ ಬಳಸುವ ಹುಲ್ಲುಗಳನ್ನು ತಂಪುಹವೆಯವು, ಬಿಸಿಹವೆಯವು ಎಂದು ಎರಡು ಪಂಗಡವಾಗಿ ಮಾಡುತ್ತಾರೆ. ಕೆಂಟಕಿ ಬ್ಲೂಗ್ರಾಸ್, ರೈಗ್ರಾಸ್, ಫೆಸ್ಕ್ಯೂ, ಬೆಂಟ್‌ಗ್ರಾಸ್ ಮೊದಲ ಪಂಗಡದವು. ಗರಿಕೆ, ಜೋಯ್ಸಿಯಾ, ಆಕ್ಸೊನೋಪಸ್, ಸ್ಟೆನೊಟ್ಯಾಫ್ರಮ್, ಪ್ಯಾಸ್ಪಲಮ್ ಎರಡನೆಯದವು. ಈ ವಿಂಗಡಣೆಯನ್ನು ನಮ್ಮ ರೈತರಿಗೆ ಧಾನ್ಯಗಳ ಮೂಲಕ ಹೇಳುವುದು ಸುಲಭ. ಸಸ್ಯಶಾಸ್ತ್ರದ ವರ್ಗೀಕರಣದಲ್ಲಿ ಗರಿಕೆ ಮತ್ತು ಜೋಯ್ಸಿಯಾ ರಾಗಿಯ ಹತ್ತಿರದ ದಾಯಾದಿಗಳು. ಮೂರೂ ಒಂದೇ ಉಪಕುಟುಂಬಕ್ಕೆ ಸೇರಿವೆ. ಗರಿಕೆಯ ಹೂಗೊಂಚಲನ್ನು ಗಮನಿಸಿದರೆ ಒಂದೇ ಬಿಂದುವಿನಿಂದ ಬೆರಳುಗಳಂತೆ ಚಾಚಿದ ಎಳೆಗಳಲ್ಲಿ ರಾಗಿ ತೆನೆಯ ಬಡಕಲು ರೂಪ ಕಾಣುತ್ತದೆ. ಆಕ್ಸೊನೋಪಸ್, ಸ್ಟೆನೊಟ್ಯಾಫ್ರಮ್, ಪ್ಯಾಸ್ಪಲಮ್‌ಗಳು ಜೋಳ, ಸಜ್ಜೆ, ಕಬ್ಬುಗಳ ಬಳಗದವು. ತಂಪುಹವೆಯ ಹುಲ್ಲುಗಳು ಗೋಧಿ, ಬಾರ್ಲಿಗಳ ನೆಂಟರು. ಈ ನೆಂಟಸ್ತನದ ಹಿಂದೆ ಎಲೆಯೊಳಗಿನ ಕೆಲಸದ ವ್ಯತ್ಯಾಸವಿದೆ. ಗೋಧಿಯ ಬಳಗದ ಎಲೆಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವ, ಬಿಸಿಲು ಏರಿದಂತೆ ತಪ್ಪಾಗಿ ಆಮ್ಲಜನಕವನ್ನೂ ಹಿಡಿಯತೊಡಗುತ್ತದೆ. ಮಾಡಿದ ಅಡುಗೆಯಲ್ಲಿ ಒಂದು ಪಾಲು ಹಾಳಾಗುತ್ತದೆ. ರಾಗಿ, ಜೋಳ, ಗರಿಕೆಗಳು ಮೊದಲು ಆ ಅನಿಲವನ್ನು ಬೇರೊಂದು ರೂಪದಲ್ಲಿ ಕೂಡಿಟ್ಟು, ಎಲೆಯ ಒಳಕೋಶಗಳಲ್ಲಿ ಒತ್ತಾಗಿ ಬಿಡುಗಡೆ ಮಾಡುತ್ತವೆ. ಇದರಿಂದ ಪತ್ರರಂಧ್ರಗಳನ್ನು ಕಿರಿದಾಗಿಸಿಕೊಂಡೂ ಬೆಳೆಯಬಲ್ಲವು, ಅಂದರೆ ಕಡಿಮೆ ನೀರು ಬಿಟ್ಟುಕೊಟ್ಟು ಹೆಚ್ಚು ಸೊಪ್ಪು ಮಾಡಬಲ್ಲವು. ತಂಪುಹವೆಯ ಹುಲ್ಲಿಗೆ 15ರಿಂದ 24 ಡಿಗ್ರಿ ಸೆಲ್ಸಿಯಸ್ ಹಿತ, ಬಿಸಿಹವೆಯವುಗಳಿಗೆ 27ರಿಂದ 35 ಡಿಗ್ರಿ. ಏಪ್ರಿಲಿನಲ್ಲಿ ಬೆಂಗಳೂರು 34 ಡಿಗ್ರಿಯ ಸುತ್ತ, ಕಲಬುರಗಿ ರಾಯಚೂರುಗಳು 40 ಡಿಗ್ರಿ ದಾಟಿ ಇರುವಾಗ ಆಯ್ಕೆಯ ಅರ್ಧ ಭಾಗ ಇಲ್ಲಿಗೇ ಮುಗಿಯಿತು. ಆನ್‌ಲೈನಿನಲ್ಲಿ ಮಾರಾಟಕ್ಕಿರುವ ಬ್ಲೂಗ್ರಾಸ್ ಬೀಜ ಬೆಂಗಳೂರಿನ ಚಳಿಗಾಲದಲ್ಲಿ ಚೆನ್ನಾಗಿಯೇ ಮೊಳೆಯುತ್ತದೆ; ಮಾರ್ಚಿಯಲ್ಲಿ ಅದರ ನಿಜ ತಿಳಿಯುತ್ತದೆ.

ನೀರಿನ ಲೆಕ್ಕವನ್ನು ಅಂಕಿಗಳಲ್ಲಿಯೇ ನೋಡಬೇಕು, ಏಕೆಂದರೆ ಹುಲ್ಲುಹಾಸಿನ ಬಗೆಗಿನ ಹೆಚ್ಚಿನ ವಾದಗಳು ಅಂಕಿಯಿಲ್ಲದೆ ನಡೆಯುತ್ತವೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ನೀರು ನಿಂತರೆ ಅದು ಒಂದು ಲೀಟರ್. ಬೆಂಗಳೂರಿನ ಬೇಸಗೆಯಲ್ಲಿ ನೆಲ ಮತ್ತು ಗಿಡ ಸೇರಿ ದಿನಕ್ಕೆ ಸುಮಾರು 5.5 ಮಿ.ಮೀ. ನೀರನ್ನು ಆವಿಯಾಗಿ ಬಿಡುವ ಸಾಮರ್ಥ್ಯ ಹವೆಗಿದೆ ಎಂದಿಟ್ಟುಕೊಳ್ಳೋಣ. ತೋಟದ ನೀರಾವರಿಯ ಲೆಕ್ಕದಲ್ಲಿ ಬಿಸಿಹವೆಯ ಹುಲ್ಲಿಗೆ ಇದರ 0.6 ಪಾಲು, ತಂಪುಹವೆಯ ಹುಲ್ಲಿಗೆ 0.8 ಪಾಲು ನೀರು ಬೇಕೆಂದು ಹಿಡಿಯುವ ರೂಢಿಯಿದೆ. 1,000 ಚದರಡಿ ಎಂದರೆ 93 ಚದರ ಮೀಟರು. ಆ ಲೆಕ್ಕದಲ್ಲಿ ಗರಿಕೆಯ ಹಾಸಿಗೆ ದಿನಕ್ಕೆ ಸುಮಾರು 300 ಲೀಟರ್, ರೈಗ್ರಾಸಿನದಕ್ಕೆ 400 ಲೀಟರಿಗೂ ಮಿಕ್ಕಿ ಬೇಕು. ನಗರದ ನೀರು ಪೂರೈಕೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂದು ಗುಣಿಸುವುದರಿಂದ, ಹುಲ್ಲುಹಾಸು ಮನೆಯಲ್ಲಿ ಇನ್ನಿಬ್ಬರು ಇದ್ದಂತೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಚಳಿ ದಿನಗಳ ರಿಯಾಯಿತಿ ಕಳೆದರೂ 30,000 ಲೀಟರ್ ದಾಟುತ್ತದೆ. 6,000 ಲೀಟರಿನ ಟ್ಯಾಂಕರ್ ಐದಾರು. ಇದು ಗರಿಕೆಯನ್ನು ಹಸಿರಾಗಿಯೇ ಇಡುವ ಹಟಕ್ಕೆ ಬೀಳುವ ಖರ್ಚು. ಹಟ ಬಿಟ್ಟು, ಬೇರು ಸಾಯದಷ್ಟು ಮಾತ್ರ, ಮೂರು ನಾಲ್ಕು ವಾರಕ್ಕೊಮ್ಮೆ 12 ಮಿ.ಮೀ. ನೀರು ಕೊಟ್ಟರೆ ಒಂದು ಸಲಕ್ಕೆ 1,100 ಲೀಟರ್ ಸಾಕು, ಇಡೀ ಬೇಸಗೆ ಒಂದೇ ಟ್ಯಾಂಕರಿನಲ್ಲಿ ಕಳೆಯುತ್ತದೆ. ಹುಲ್ಲಿನ ಜಾತಿ ಬದಲಿಸಿದರೆ ಉಳಿಯುವುದು ಕಾಲು ಪಾಲು ನೀರು. ನಿರೀಕ್ಷೆ ಬದಲಿಸಿದರೆ ಉಳಿಯುವುದು ಆರರಲ್ಲಿ ಐದು ಪಾಲು.

ಆದರೆ ಎಲ್ಲ ಹುಲ್ಲೂ ಈ ಉಪವಾಸವನ್ನು ತಡೆಯುವುದಿಲ್ಲ, ಆದ್ದರಿಂದ ಜಾತಿಯ ಆಯ್ಕೆ ಮತ್ತೆ ಮುಖ್ಯವಾಗುತ್ತದೆ. ಇಲ್ಲಿ ಗರಿಕೆಗೆ ಸಾಟಿಯಿಲ್ಲ. ಸಸ್ಯಶಾಸ್ತ್ರಜ್ಞರ ಸೈನೊಡಾನ್ ಡ್ಯಾಕ್ಟಿಲಾನ್, ಸಂಸ್ಕೃತದ ದೂರ್ವೆ, ಉತ್ತರ ಕರ್ನಾಟಕದ ಕರಿಕಿ, ಅಮೆರಿಕದ ಬರ್ಮುಡಾ ಗ್ರಾಸ್ ಎಲ್ಲವೂ ಒಂದೇ ಗಿಡ. ಟೆಕ್ಸಾಸ್, ಅರಿಝೋನಾಗಳಲ್ಲಿ ನೆಲೆಸಿದ ಕನ್ನಡಿಗರು ಗಣೇಶನ ಹಬ್ಬಕ್ಕೆ ಗರಿಕೆ ಹುಡುಕಿ ದೂರ ಹೋಗಬೇಕಿಲ್ಲ, ಮನೆಯ ಮುಂದಿನ ಲಾನಿನಲ್ಲೇ ಅದು ಇರುವ ಸಂಭವ ಹೆಚ್ಚು. ನೆಲದ ಮೇಲೆ ಹರಿಯುವ ಬಳ್ಳಿ, ನೆಲದೊಳಗೆ ಓಡುವ ಗೆಣ್ಣುಕಾಂಡ ಎರಡೂ ಇದಕ್ಕಿವೆ. ಬರ ಬಂದಾಗ ಎಲೆಯನ್ನು ಒಣಗಲು ಬಿಟ್ಟು, ಆಹಾರವನ್ನೆಲ್ಲ ಆ ಗೆಣ್ಣುಗಳಲ್ಲಿ ಬಚ್ಚಿಟ್ಟು ತಿಂಗಳುಗಟ್ಟಲೆ ಕಾಯುತ್ತದೆ; ಮೊದಲ ಮಳೆಯಾದ ವಾರ ಹತ್ತು ದಿನದಲ್ಲಿ ಚಿಗುರುತ್ತದೆ. ಕಂದು ಬಣ್ಣ ಇದರ ಮಟ್ಟಿಗೆ ರೋಗವಲ್ಲ, ನಿದ್ದೆ. ಗರಿಕೆ ಎಂದರೆ ಕಳೆಯಲ್ಲವೇ, ಅದನ್ನು ದುಡ್ಡು ಕೊಟ್ಟು ನೆಡುವುದೇ ಎಂಬ ಆಕ್ಷೇಪಕ್ಕೆ ಆಧಾರವಿಲ್ಲದೆ ಇಲ್ಲ. ಧಾರವಾಡ, ವಿಜಯಪುರದ ಎರೆಹೊಲದ ರೈತನಿಗೆ ಕರಿಕಿ ಹೊಕ್ಕ ಹೊಲ ಎಂದರೆ ಬೇಸಗೆಯಲ್ಲಿ ಆಳವಾಗಿ ಉತ್ತು, ಗೆಣ್ಣು ಆರಿಸಿ, ಬಿಸಿಲಿಗೆ ಒಣಹಾಕುವ ಬೆನ್ನುಮುರಿಯುವ ಕೆಲಸ. ಹೊಲದಲ್ಲಿ ಅದನ್ನು ಶತ್ರುವಾಗಿಸುವ ಗುಣ ಯಾವುದೋ ಅಂಗಳದಲ್ಲಿ ಬೇಕಾದ ಗುಣವೂ ಅದೇ: ತುಳಿದರೂ ಕತ್ತರಿಸಿದರೂ ಒಣಗಿಸಿದರೂ ಹೋಗದಿರುವುದು. ಪಕ್ಕದಲ್ಲೇ ಹೂವಿನ ಪಾತಿ ಅಥವಾ ತರಕಾರಿ ಮಡಿ ಇದ್ದರೆ ಮಾತ್ರ ನಡುವೆ ಒಂದಡಿ ಆಳಕ್ಕೆ ಕಲ್ಲುಚಪ್ಪಡಿಯ ತಡೆ ನಿಲ್ಲಿಸುವುದು ಒಳ್ಳೆಯದು. ಅದರ ನಿಜವಾದ ದೋಷ ಬೇರೆಯಿದೆ. ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು ಸಿಗದ ಕಡೆ ಅದು ಕಡ್ಡಿಕಡ್ಡಿಯಾಗಿ ಎದ್ದು ತೆಳ್ಳಗಾಗಿ ಕಾಣೆಯಾಗುತ್ತದೆ.

ನರ್ಸರಿಯಲ್ಲಿ ಊರ ಗರಿಕೆಗಿಂತ ಅದರ ಮಿಶ್ರತಳಿಗಳಿಗೆ ಬೇಡಿಕೆ. ಇವುಗಳಲ್ಲಿ ಹೆಸರಾದವು ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ನಿನಲ್ಲಿ ಗ್ಲೆನ್ ಬರ್ಟನ್ ಹೊರತಂದ 1956ರ ಟಿಫ್‌ಗ್ರೀನ್, 1960ರ ಟಿಫ್‌ವೇ ಮತ್ತು ಇವುಗಳ ಪೀಳಿಗೆ. ಸಾಮಾನ್ಯ ಗರಿಕೆಯನ್ನು ಆಫ್ರಿಕಾದ ಸಣ್ಣೆಲೆಯ ಗರಿಕೆಯೊಂದಿಗೆ ಸಂಕರಿಸಿ ಪಡೆದ ಇವುಗಳಲ್ಲಿ ವರ್ಣತಂತುಗಳ ಮೂರು ಗಣಗಳಿದ್ದು ಬೀಜ ಕಟ್ಟುವುದಿಲ್ಲ. ಹಾಗಾಗಿ ಟಿಫ್‌ವೇ ಬೀಜ ಎಂದು ಯಾರಾದರೂ ಮಾರಿದರೆ ಅದು ಬೇರೇನೋ ಆಗಿರಲೇಬೇಕು. ಅಂದಹಾಗೆ ಬರ್ಟನ್ ಸಜ್ಜೆಯ ತಳಿವಿಜ್ಞಾನಿಯೂ ಹೌದು. ಅವರ ಗಂಡುಬಂಜೆ ಸಾಲು ಟಿಫ್ಟ್ 23ಎ ಬಳಸಿಯೇ ಭಾರತದ ಮೊದಲ ಸಂಕರ ಸಜ್ಜೆ ಎಚ್‌ಬಿ-1 1965ರಲ್ಲಿ ಬಿಡುಗಡೆಯಾಯಿತು. ಗಾಲ್ಫ್ ಮೈದಾನದ ಹುಲ್ಲೂ ಬಡವರ ರೊಟ್ಟಿಯೂ ಒಂದೇ ಪ್ರಯೋಗಶಾಲೆಯ ಕಡೆಗೆ ಬೆರಳು ತೋರುವುದು ವಿಚಿತ್ರವಾದರೂ ನಿಜ. ಈ ಮಿಶ್ರತಳಿಗಳು ಮೆತ್ತಗೆ, ಒತ್ತಾಗಿ, ಕಡುಹಸಿರಾಗಿ ಬೆಳೆಯುತ್ತವೆ, ಅಷ್ಟೇ ಬೇಗ ಗೊಬ್ಬರ ಮತ್ತು ಕತ್ತರಿ ಕೇಳುತ್ತವೆ. ವಾರಕ್ಕೊಮ್ಮೆ ಕತ್ತರಿಸಲು ಆಗದ ಮನೆಗೆ ಊರ ಗರಿಕೆಯೇ ಲೇಸು. ನರ್ಸರಿಯ ವ್ಯಾಪಾರದ ಹೆಸರುಗಳನ್ನು ನಂಬಿ ಕೊಳ್ಳುವುದೂ ಅಪಾಯ. ಬಫಲೋ ಗ್ರಾಸ್ ಎಂದರೆ ಅಮೆರಿಕದಲ್ಲಿ ಬಯಲುಸೀಮೆಯ ಬರಸಹಿಷ್ಣು ಹುಲ್ಲು, ಆಸ್ಟ್ರೇಲಿಯಾದಲ್ಲಿ ಅಗಲೆಲೆಯ ಸ್ಟೆನೊಟ್ಯಾಫ್ರಮ್, ಕೇರಳದ ಕಡೆ ಹಲವೆಡೆ ಆಕ್ಸೊನೋಪಸ್. ಕಾರ್ಪೆಟ್, ಮೆಕ್ಸಿಕನ್, ಕೊರಿಯನ್ ಎಂಬ ಹೆಸರುಗಳ ಪಾಡೂ ಇದೇ. ಹೆಸರು ಕೇಳುವ ಬದಲು ಎಲೆ ನೋಡಬೇಕು: ಎರಡು ಮೂರು ಮಿ.ಮೀ. ಅಗಲದ ಮೆತ್ತನೆಯ ಎಲೆ ಗರಿಕೆಯದು, ಸೂಜಿಯಂತೆ ಬಿರುಸಾಗಿ ಅಂಗಾಲಿಗೆ ಚುಚ್ಚುವುದು ಜೋಯ್ಸಿಯಾ, ಒಂದು ಸೆಂ.ಮೀ.ನಷ್ಟು ಅಗಲವಿದ್ದು ತುದಿ ಮೊಂಡಾಗಿ, ಹೂ ಇಂಗ್ಲಿಷಿನ ವಿ ಅಕ್ಷರದಂತೆ ಕವಲಾದರೆ ಆಕ್ಸೊನೋಪಸ್.

ಜೋಯ್ಸಿಯಾ ಪೂರ್ವ ಏಷ್ಯಾ ಮತ್ತು ಆಗ್ನೇಯ ಏಷ್ಯಾದ ಹುಲ್ಲು. ಹಬ್ಬುವುದು ಬಲು ನಿಧಾನ, ಹಬ್ಬಿದ ಮೇಲೆ ಕಳೆಗೆ ಎಡೆ ಕೊಡದಷ್ಟು ಒತ್ತು. ಕತ್ತರಿಸದೆ ಬಿಟ್ಟರೆ ಅಲೆಅಲೆಯಾಗಿ ಉಬ್ಬಿ ಮಖಮಲ್ಲಿನಂತೆ ಕಾಣುತ್ತದೆ, ಆ ಉಬ್ಬಿನಡಿ ಒಣಪದರ ಕೂಡಿ ನೀರು ಇಳಿಯದೆ ಹೋಗುತ್ತದೆ. ಗರಿಕೆಗಿಂತ ತುಸು ಹೆಚ್ಚು ನೆರಳು ತಾಳುತ್ತದೆ, ಬರವನ್ನೂ ಸಾಕಷ್ಟು ತಾಳುತ್ತದೆ, ಆದರೆ ಸವೆದ ಜಾಗ ತುಂಬಿಕೊಳ್ಳಲು ತಿಂಗಳುಗಳು ಬೇಕು. ಮಕ್ಕಳು ಆಡುವ ಅಂಗಳಕ್ಕೆ ಅದು ಬೇಡ. ಆಕ್ಸೊನೋಪಸ್ ಕಂಪ್ರೆಸಸ್ ಉಷ್ಣವಲಯದ ಅಮೆರಿಕದಿಂದ ಬಂದದ್ದು. ಹುಳಿ ಮಣ್ಣು, ತೇವ, ಅರೆನೆರಳು ಮೂರೂ ಇಷ್ಟವಾದ್ದರಿಂದ ಕರಾವಳಿ ಮಲೆನಾಡುಗಳ ತೆಂಗಿನ ಅಡಿ, ಮಾವಿನ ಅಡಿ ಸೊಗಸಾಗಿ ಬರುತ್ತದೆ. ಉಪವಾಸದ ಪರೀಕ್ಷೆಯಲ್ಲಿ ಮಾತ್ರ ಸೋಲುತ್ತದೆ. ಅದರ ಬೇರು ಮೇಲ್ಮೇಲೆ, ನೆಲದೊಳಗೆ ಗೆಣ್ಣಿನ ದಾಸ್ತಾನು ಗರಿಕೆಯಷ್ಟಿಲ್ಲ, ಉಪ್ಪುನೀರಂತೂ ಆಗದು. ಒಣ ತಿಂಗಳಲ್ಲಿ ನೀರು ಕೊಡಲಾಗದ ಬಯಲು ಜಾಗದಲ್ಲಿ ಅದನ್ನು ನೆಡುವುದು ಪ್ರತಿ ವರ್ಷ ಹೊಸದಾಗಿ ನೆಡುವ ಒಪ್ಪಂದವೇ ಸರಿ. ಸ್ಟೆನೊಟ್ಯಾಫ್ರಮ್ ನೆರಳನ್ನೂ ಒಂದಿಷ್ಟು ಉಪ್ಪನ್ನೂ ತಾಳುವ ಒರಟು ಹುಲ್ಲು. ಸಮುದ್ರದ ಗಾಳಿ ಮತ್ತು ಉಪ್ಪಿನ ಬಾವಿ ನೀರು ಇರುವ ಕಡೆಗೆ ಪ್ಯಾಸ್ಪಲಮ್ ವ್ಯಾಜಿನೇಟಮ್ ಹೇಳಿ ಮಾಡಿಸಿದ್ದು. ಕೊಲ್ಲಿ ದೇಶಗಳ ಮೈದಾನಗಳಲ್ಲಿ ಅದಕ್ಕೆ ಮಹತ್ವ ಬಂದದ್ದೂ ಇದೇ ಗುಣದಿಂದ. ಎರಡು ಸಾವಿರ ಮೀಟರ್ ದಾಟಿದ ನೀಲಗಿರಿಯ ಎತ್ತರದಲ್ಲಿ ಪೂರ್ವ ಆಫ್ರಿಕಾದ ಕಿಕುಯು ಹುಲ್ಲು ಕಾಡಿಗೂ ನುಗ್ಗುವಷ್ಟು ನೆಲೆಯೂರಿದೆ. ಅದನ್ನು ನಮ್ಮ ಮಲೆನಾಡಿಗೆ ತರುವ ಆಸೆಯನ್ನು ಯಾರೂ ಪಡದಿರುವುದು ಉತ್ತಮ.

ಮಣ್ಣಿನ ಪ್ರಕಾರ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಬೆಂಗಳೂರು, ಕೋಲಾರ, ತುಮಕೂರುಗಳ ಕೆಮ್ಮಣ್ಣು ನೀರು ಬಸಿಯುವ, ಗರಿಕೆಗೆ ಹಿತವಾದ ಮಣ್ಣು. ತೊಂದರೆ ಬರುವುದು ಮನೆ ಕಟ್ಟುವಾಗ ಮೇಲ್ಮಣ್ಣು ಹೋಗಿ ಸಿಮೆಂಟು, ಜಲ್ಲಿ, ಇಟ್ಟಿಗೆಚೂರು ಉಳಿದಾಗ. ಉತ್ತರದ ಎರೆಮಣ್ಣು ಕ್ಷಾರೀಯ, ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವಂಥದ್ದು. ಅಲ್ಲಿ ಹುಲ್ಲು ಹಳದಿಯಾದರೆ ಜನ ಯೂರಿಯಾ ಸುರಿಯುತ್ತಾರೆ, ಅನೇಕ ಸಲ ಬೇಕಾದದ್ದು ಕಬ್ಬಿಣ. ಫೆರಸ್ ಸಲ್ಫೇಟನ್ನು ನೂರು ಲೀಟರ್ ನೀರಿಗೆ ಅರ್ಧ ಕಿಲೋದಂತೆ ಕರಗಿಸಿ ಸಂಜೆ ಸಿಂಪಡಿಸಿದರೆ ಕೆಲವೇ ದಿನಗಳಲ್ಲಿ ಬಣ್ಣ ತಿರುಗುತ್ತದೆ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಹುಳಿ, ಮಳೆಗೆ ಪೋಷಕಾಂಶ ತೊಳೆದುಹೋದದ್ದು. ಅಲ್ಲಿ ಗರಿಕೆ ಹಾಕುವುದಾದರೆ ಸುಣ್ಣ ಸೇರಿಸಬೇಕು, ಆಕ್ಸೊನೋಪಸ್ಸಿಗೆ ಅದೂ ಬೇಡ.

ಹುಲ್ಲುಹಾಸು ಹಾಕಲು ಕಾಲ ಮುಂಗಾರಿನ ಆರಂಭ. ಬೇಸಗೆಯಲ್ಲೇ ನೆಲವನ್ನು ಒಂದೂವರೆ ಅಡಿಯಷ್ಟು ಅಗೆದು, ಹೆಂಟೆಗಳನ್ನು ಎರಡು ಮೂರು ವಾರ ಬಿಸಿಲಿಗೆ ಬಿಟ್ಟು, ಮೊದಲ ಮಳೆಗೆ ಹುಟ್ಟುವ ಕಳೆಯನ್ನು ಕಿತ್ತು, ಮನೆಯಿಂದ ಹೊರಕ್ಕೆ ಇಳಿಜಾರು ಕೊಟ್ಟು ಸಮ ಮಾಡಿದರೆ ಮೃಗಶಿರೆ ಆರಿದ್ರೆಗಳ ಮಳೆಯಲ್ಲಿ ನೆಡಬಹುದು. ಕಳೆಯಲ್ಲಿ ಅತಿ ಕೆಟ್ಟದ್ದು ಜೇಕು. ನೆಲದೊಳಗೆ ಗಡ್ಡೆಗಳ ಸರಪಣಿ ಕಟ್ಟುವ ಇದು ನಗರಗಳಲ್ಲಿ ಹೆಚ್ಚಾಗಿ ಲಾರಿಯಲ್ಲಿ ಬರುವ ಕೆಮ್ಮಣ್ಣಿನ ಜೊತೆಗೇ ಬರುತ್ತದೆ. ಇನ್ನೊಬ್ಬರ ನೆಲ ಬಗೆದು ತಂದ ಮಣ್ಣಿಗಿಂತ ತನ್ನ ನೆಲಕ್ಕೇ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸುವುದು ಎರಡು ರೀತಿಯಲ್ಲೂ ಮೇಲು. ನೆಡುವ ವಿಧಾನಗಳಲ್ಲಿ ಗರಿಕೆಯ ತುಂಡುಗಳನ್ನು ಮೂರು ನಾಲ್ಕು ಅಂಗುಲಕ್ಕೊಂದರಂತೆ ಊರುವುದು ಅಗ್ಗದ್ದು ಮತ್ತು ಖಾತ್ರಿಯದು. ಗರಿಕೆಯನ್ನು ಸಣ್ಣಗೆ ಕೊಚ್ಚಿ, ಸಗಣಿ ಮತ್ತು ಮಣ್ಣಿನೊಂದಿಗೆ ನೀರಲ್ಲಿ ಕಲಸಿ, ಹದ ಮಾಡಿದ ನೆಲದ ಮೇಲೆ ಗಿಲಾಯಿಯಂತೆ ಸಾರಿಸುವ ವಿಧಾನವೂ ಇದೆ. ಅಂಗಳ ಸಾರಿಸಿ ಗೊತ್ತಿರುವ ಕೈಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚೌಕ ಚೌಕವಾಗಿ ಕತ್ತರಿಸಿ ತಂದ ಹಾಸನ್ನು ಜೋಡಿಸಿದರೆ ಅದೇ ದಿನ ಹಸಿರು, ಖರ್ಚು ಹಲವು ಪಟ್ಟು, ಅಡಿಯ ನೆಲ ಸಿದ್ಧವಾಗಿಲ್ಲದಿದ್ದರೆ ಬೇರು ಆ ಚೌಕದೊಳಗೇ ಉಳಿದು ಮೊದಲ ಬೇಸಗೆಗೇ ಎದ್ದುಬರುತ್ತದೆ.

ಪಾಲನೆಯಲ್ಲಿ ಮೂರು ಕೆಲಸಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಕತ್ತರಿಸುವುದು, ನೀರು, ಗೊಬ್ಬರ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಎಲೆ ಹೋದಷ್ಟೂ ಗಿಡ ಬೇರಿನ ದಾಸ್ತಾನು ಖರ್ಚು ಮಾಡಿ ಹೊಸ ಎಲೆ ಮಾಡುತ್ತದೆ, ಬೇರು ಮೋಟಾಗುತ್ತದೆ, ಮೋಟು ಬೇರಿಗೆ ದಿನವೂ ನೀರು ಬೇಕಾಗುತ್ತದೆ. ಮನೆಯ ಗರಿಕೆಗೆ ಒಂದರಿಂದ ಒಂದೂವರೆ ಅಂಗುಲ ಎತ್ತರ ಸರಿ, ನವೆಂಬರಿನ ಹೊತ್ತಿಗೆ ಇನ್ನೂ ಸ್ವಲ್ಪ ಎತ್ತರಿಸಿ ಬೇಸಗೆಗೆ ಬಿಡುವುದು ಜಾಣತನ. ಕತ್ತರಿಸಿದ ಚೂರುಗಳನ್ನು ಅಲ್ಲೇ ಬಿಟ್ಟರೆ ಹುಲ್ಲಿಗೆ ಬೇಕಾದ ಸಾರಜನಕದಲ್ಲಿ ಕಾಲು ಭಾಗದಷ್ಟು ಮರಳಿ ಸಿಗುತ್ತದೆ; ಅದನ್ನು ಗುಡಿಸಿ ಕಸದ ಗಾಡಿಗೆ ಕೊಟ್ಟು, ಅಂಗಡಿಯಿಂದ ಯೂರಿಯಾ ತರುವುದು ನಮ್ಮಲ್ಲಿ ನಡೆದಿರುವ ಕ್ರಮ. ಸಂಜೆಯ ಪೈಪಿನಲ್ಲಿ ದಿನವೂ ಹತ್ತು ನಿಮಿಷ ನೀರು ಚಿಮುಕಿಸುವ ಅಭ್ಯಾಸ ನೋಡಲು ತಂಪು, ಹುಲ್ಲಿಗೆ ಕೇಡು. ನೀರು ಮೇಲಿನ ಒಂದು ಅಂಗುಲದಲ್ಲೇ ನಿಂತು ಬೇರನ್ನು ಮೇಲಕ್ಕೆ ಕರೆಯುತ್ತದೆ, ರಾತ್ರಿಯಿಡೀ ತೇವವಿದ್ದ ಎಲೆ ಶಿಲೀಂಧ್ರವನ್ನು ಕರೆಯುತ್ತದೆ. ಹಸಿರಾಗಿ ಇಡಲು ಕೊಡುವುದಾದರೆ ನಾಲ್ಕೈದು ದಿನಕ್ಕೊಮ್ಮೆ, ಬೆಳಗಿನ ಜಾವ, ಅರ್ಧ ಅಡಿ ಆಳ ನೆನೆಯುವಷ್ಟು ಕೊಡಬೇಕು. ನಡೆದುಹೋದ ಹೆಜ್ಜೆ ಗುರುತು ಅಳಿಯದೆ ಉಳಿದರೆ ಮತ್ತು ಹಸಿರು ನೀಲಿಗೆ ತಿರುಗಿದರೆ ಹುಲ್ಲು ನೀರು ಕೇಳುತ್ತಿದೆ ಎಂದರ್ಥ. ಗೊಬ್ಬರ ಮಳೆಗಾಲಕ್ಕೆ ಮೀಸಲು: ನೂರು ಚದರ ಮೀಟರಿಗೆ ಸುಮಾರು 650 ಗ್ರಾಂ ಯೂರಿಯಾ, ಜೂನಿನಿಂದ ಅಕ್ಟೋಬರಿನೊಳಗೆ ಎರಡು ಮೂರು ಸಲ. ನಿದ್ದೆಗೆ ಜಾರಿದ ಹುಲ್ಲಿಗೆ ಫೆಬ್ರುವರಿಯಲ್ಲಿ ಸಾರಜನಕ ಕೊಡುವುದು ನೀರಿಲ್ಲದೆ ಹಸಿವೆ ಹೆಚ್ಚಿಸಿದಂತೆ. ಕೀಟಗಳಲ್ಲಿ ಗೊಣ್ಣೆಹುಳು ಮತ್ತು ಗೆದ್ದಲು ಮುಖ್ಯ; ಹಾಸು ಚಾಪೆಯಂತೆ ಎದ್ದು ಬಂದರೆ ಅಡಿಯಲ್ಲಿ ಗೊಣ್ಣೆಹುಳು ಬೇರು ತಿಂದಿದೆ.

ಇಷ್ಟೆಲ್ಲ ಯಾಕೆ, ನೀರಿಗೆ ತತ್ವಾರವಿರುವ ಊರಿನಲ್ಲಿ ಹುಲ್ಲುಹಾಸೇ ಬೇಡ ಎಂಬ ವಾದ ಬಲವಾದದ್ದು. ಸುಮಾರು 100 ಕಿ.ಮೀ. ದೂರದಿಂದ, 500 ಮೀಟರಿನಷ್ಟು ಮೇಲೆತ್ತಿ ಬೆಂಗಳೂರಿಗೆ ತಂದ ಕಾವೇರಿಯನ್ನು ಹುಲ್ಲಿಗೆ ಸುರಿಯುವುದಕ್ಕೆ ಸಮರ್ಥನೆಯಿಲ್ಲ. 2024ರ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದ್ದು ಸರಿಯೇ. ಆದರೆ ಆ ವಾದ ಖಂಡಿಸುವುದು ನಿತ್ಯಹಸಿರಿನ ಹಾಸನ್ನು. ನಿದ್ದೆ ಮಾಡಲು ಬಿಟ್ಟ ಗರಿಕೆಯನ್ನಲ್ಲ. ಹುಲ್ಲನ್ನು ತೆಗೆದ ಜಾಗಕ್ಕೆ ಸಾಮಾನ್ಯವಾಗಿ ಬರುವುದು ಕಾಂಕ್ರೀಟು ಅಥವಾ ಹೆಣೆಗಲ್ಲು, ಅದು ಮಳೆನೀರನ್ನು ಮೋರಿಗೆ ತಳ್ಳಿ ಬಿಸಿಲನ್ನು ಗೋಡೆಗೆ ಮರಳಿಸುತ್ತದೆ. ಒಣಗಿದ ಗರಿಕೆಯ ಬೇರಿನ ಜಾಲವಾದರೂ ಏಪ್ರಿಲಿನ ಆಲಿಕಲ್ಲು ಮಳೆಯಲ್ಲಿ ಮಣ್ಣು ಹಿಡಿದು ನೀರು ಇಂಗಿಸುತ್ತದೆ. ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ಕೊಳಚೆನೀರು ಇದ್ದೇ ಇದೆಯಲ್ಲ ಎನ್ನುವವರ ಮಾತು ಅರ್ಧ ಸರಿ. ಆ ನೀರಿನ ಉಪ್ಪನ್ನು ಗರಿಕೆ ಮತ್ತು ಪ್ಯಾಸ್ಪಲಮ್ ತಾಳುತ್ತವೆ, ಆಕ್ಸೊನೋಪಸ್ ತಾಳದು. ಬೇಸಗೆಯಲ್ಲಿ ಕೂಡಿದ ಉಪ್ಪನ್ನು ತೊಳೆಯಲು ಮಳೆಗಾಲ ಬರಬೇಕು. ಅಲ್ಲದೆ ಅದು ಬೇಡಿಕೆಯಿಲ್ಲದ ನೀರೂ ಅಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಇಂಥದೇ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಪ್ಲಾಸ್ಟಿಕ್ ಹಾಸು ನೀರು ಕೇಳುವುದಿಲ್ಲ ನಿಜ, ಆದರೆ ಮಧ್ಯಾಹ್ನದ ಬಿಸಿಲಿಗೆ ಅದರ ಮೈ 60 ಡಿಗ್ರಿ ದಾಟಬಲ್ಲದು, ಬರಿಗಾಲು ಇಡಲಾಗದು, ಕೊನೆಗೆ ಕಸವಾಗುತ್ತದೆ.

ಯಾವ ಹುಲ್ಲೂ ಒಪ್ಪದ ಜಾಗಗಳನ್ನು ಹುಲ್ಲಿನಿಂದಲೇ ಮುಚ್ಚುವ ಹಟವನ್ನೂ ಬಿಡಬೇಕಾಗುತ್ತದೆ. ಮಳೆಮರದ ದಟ್ಟ ನೆರಳಿನಲ್ಲಿ ಎಲೆಗೊಬ್ಬರದ ಹೊದಿಕೆ ಸಾಕು. ಹಳದಿ ಹೂವಿನ ಅಲಂಕಾರಿಕ ಶೇಂಗಾ ತನ್ನ ಸಾರಜನಕವನ್ನು ತಾನೇ ಮಾಡಿಕೊಂಡು ಅರೆನೆರಳಿನಲ್ಲಿ ಹಬ್ಬುತ್ತದೆ. ಕೆರೆದಂಡೆಯ ನೆಲಹಿಪ್ಪಲಿ ಬಿಸಿಲಲ್ಲೂ ನೆಲಕ್ಕಂಟಿ ಹರಡುತ್ತದೆ, ಹೂವಿಗೆ ಜೇನ್ನೊಣ ಬರುವುದರಿಂದ ಬರಿಗಾಲಲ್ಲಿ ಓಡುವ ಮಕ್ಕಳಿರುವ ಮನೆಗೆ ಯೋಚಿಸಿ ಹಾಕಬೇಕು. ಎರಡೂ ಹೆಚ್ಚು ತುಳಿತ ತಾಳುವುದಿಲ್ಲ.

ಆಟದ ಮೈದಾನ ಮಾತ್ರ ಈ ವಾದದಿಂದ ಹೊರಗೆ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಹಸಿರು ನೋಟಕ್ಕಲ್ಲ, ಬೀಳುವ ದೇಹಕ್ಕೆ ಮತ್ತು ಉರುಳುವ ಚೆಂಡಿಗೆ ಬೇಕು. ದೆಹಲಿಯಂಥ ಊರುಗಳಲ್ಲಿ ಚಳಿಗೆ ಗರಿಕೆ ನಿದ್ದೆಹೋಗುವಾಗ ಅದರ ಮೇಲೆ ರೈಗ್ರಾಸ್ ಬಿತ್ತಿ ಎರಡು ಮೂರು ತಿಂಗಳು ತಳ್ಳುತ್ತಾರೆ; ಬೆಂಗಳೂರಿನ ಚಳಿ ಅದಕ್ಕೆ ಕಾರಣವಾಗುವಷ್ಟಿಲ್ಲ. ಇಲ್ಲಿನ ಮೈದಾನಗಳನ್ನು ಕಾಡಿದ್ದು ಬರಕ್ಕಿಂತ ಹೆಚ್ಚಾಗಿ ನಿಂತ ನೀರು. 2015ರ ನವೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ದಕ್ಷಿಣ ಆಫ್ರಿಕಾ ಟೆಸ್ಟ್ ಮೊದಲ ದಿನದ ಆಟದ ನಂತರ ಮಳೆ ಮತ್ತು ನೆನೆದ ಅಂಗಣದಿಂದಾಗಿ ಮುಂದುವರಿಯಲೇ ಇಲ್ಲ. ಆಮೇಲೆ ಅಲ್ಲಿ ಜೇಡಿಮಣ್ಣಿನ ಪದರ ತೆಗೆದು ಮರಳಿನ ತಳ ಹಾಕಿ, ಅಡಿಯಲ್ಲಿ ಕೊಳವೆಜಾಲ ಹರಡಿ, ನೀರನ್ನು ಪಂಪಿನಿಂದ ಎಳೆದು ಬೇರಿಗೆ ಗಾಳಿಯಾಡಿಸುವ ಸಬ್‌ಏರ್ ವ್ಯವಸ್ಥೆ 2017ರ ಹೊತ್ತಿಗೆ ಬಳಕೆಗೆ ಬಂತು. ಮರಳು ನೀರನ್ನು ಬೇಗ ಬಿಡುತ್ತದೆ, ಅಷ್ಟೇ ಬೇಗ ಒಣಗುತ್ತದೆ. ಅಂಥ ತಳದ ಹುಲ್ಲಿಗೆ ಒಣ ದಿನಗಳಲ್ಲಿ ಹೆಚ್ಚುಕಡಿಮೆ ದಿನವೂ ನೀರು, ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಗೊಬ್ಬರ ಬೇಕು. ಸಾವಿರಾರು ಜನ ಟಿಕೆಟು ಕೊಂಡು ನೋಡುವ ಒಂದು ಅಂಗಣಕ್ಕೆ ಆ ಖರ್ಚು ಹೊಂದುತ್ತದೆ. 30×40ರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಇನ್ನೂರು ಚದರಡಿಗೆ ಊರ ಗರಿಕೆ, ಕೊಟ್ಟಿಗೆ ಗೊಬ್ಬರ, ಹರಿತವಾದ ಅಲಗಿನ ಕೈಯಂತ್ರ ಮತ್ತು ತಿಂಗಳಿಗೆ ಇನ್ನೂರು ಮುನ್ನೂರು ಲೀಟರ್ ನೀರಿನಲ್ಲಿ ಬೇಸಗೆ ಕಳೆಯುತ್ತದೆ.